ಬ್ಲೂ ರಿಜ್ ತಪ್ಪಲಿನ ಎರಡು ವಲಸೆಗಳು: ರಾಪಹಾನಕ್ ಕೌಂಟಿಯ ಚರಿತ್ರೆಯ ಒಂದು ಪರಿಶೀಲನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ವರ್ಜೀನಿಯ ರಾಜ್ಯದಲ್ಲಿ, ಬ್ಲೂ ರಿಜ್ ಪರ್ವತಶ್ರೇಣಿಯ ಪೂರ್ವದ ತಪ್ಪಲಿಗೆ ಅಂಟಿಕೊಂಡಂತೆ ರಾಪಹಾನಕ್ ಎಂಬ ಸಣ್ಣ ಕೌಂಟಿಯೊಂದುಂಟು. ಕೌಂಟಿಯೆಂಬುದು ಆಡಳಿತದ ದೃಷ್ಟಿಯಿಂದ ನಮ್ಮ ಜಿಲ್ಲೆಯನ್ನು ಹೋಲುವ ವಿಭಾಗವಾದರೂ, ವಿಸ್ತಾರದಲ್ಲಿ ಇದು ನಮ್ಮ ಒಂದು ತಾಲ್ಲೂಕಿನಷ್ಟು ಮಾತ್ರವೇ ಇದೆ. ೧೮೩೩ರಲ್ಲಿ ಕಲ್ಪೆಪರ್ ಕೌಂಟಿಯಿಂದ ಬೇರ್ಪಡಿಸಿ ಇದನ್ನು ರಚಿಸಲಾಯಿತು. ಇದರ ಆಡಳಿತ ಕೇಂದ್ರವಾದ ಪುಟ್ಟ ಊರಿನ ಹೆಸರೂ ವಾಷಿಂಗ್ಟನ್ ಎಂದೇ. ರಾಷ್ಟ್ರದ ರಾಜಧಾನಿಯಾದ ಮತ್ತೊಂದು ವಾಷಿಂಗ್ಟನ್ ಇಲ್ಲಿಗೆ ಸುಮಾರು ೭೦ ಮೈಲಿ ದೂರದಲ್ಲಿದೆ. ರಾಜಧಾನಿಯ ಉದ್ಯೋಗಸ್ಥರು, ನಿವೃತ್ತರು, ಕಲಾವಿದರು ಮೊದಲಾದವರು ನಗರವನ್ನು ತೊರೆದು ಇಲ್ಲಿಗೆ ಬಂದು ನೆಲಸುವುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ನಡೆದುಬಂದಿದೆ. ಅವರನ್ನು ಆಕರ್ಷಿಸಿದುದು ಬೆಟ್ಟದ ಸಾಲು, ಸೇಬಿನ ತೋಟಗಳು, ದನ ಮೇಯುವ ಹುಲ್ಲುಗಾವಲುಗಳು, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಜನವಿರಳವಾದ ನೆಮ್ಮದಿ.

ಹೊರಗಿನಿಂದ ಬಂದವನಿಗೆ ಈ ನೆಮ್ಮದಿಯು ಪ್ರಕೃತಿಸಹಜವೆಂದು ತೋರುವುದು ಸ್ವಾಭಾವಿಕ. ಆದರೆ ಚರಿತ್ರೆಯ ವಿದ್ಯಾರ್ಥಿಯು ಅಷ್ಟಕ್ಕೇ ನಿಲ್ಲುವಂತಿಲ್ಲ. ಇಂದು ನಿಬಿಡವಾದ ಅರಣ್ಯದಂತೆ ಕಾಣುವ ಬೆಟ್ಟದ ಪಾರ್ಶ್ವಗಳಲ್ಲಿ ಒಂದು ಶತಮಾನದ ಹಿಂದೆ ಹೊಲ, ಮನೆ, ಶಾಲೆ, ಸ್ಮಶಾನಗಳಿದ್ದುವು. ಅಲ್ಲಿಯ ಜನರನ್ನು ೧೯೩೦ರ ದಶಕದಲ್ಲಿ ಸರಕಾರವೇ ತಪ್ಪಲಿಗೆ ಇಳಿಸಿತು. ತಾವಾಗಿ ಬಂದ ನಗರವಾಸಿಗಳ ವಲಸೆಯನ್ನು ಈ ಹಿಂದಿನ ವಲಸೆಯಿಂದ ಬೇರ್ಪಡಿಸಿ ನೋಡುವುದು ಸಾಧುವಲ್ಲವೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸಿದ್ದೇವೆ.

ಈ ಪ್ರದೇಶದ ಮೂಲನಿವಾಸಿಗಳು ಮನಹೋಕ್ ಎಂಬ ಜನಾಂಗದವರು. ಹದಿನೆಂಟನೆಯ ಶತಮಾನದ ಆದಿಭಾಗದ ವೇಳೆಗೆ ಅವರು ಇಲ್ಲಿಂದ ಮರೆಯಾಗಿದ್ದರು. ೧೭೨೨ರ ಆಲ್ಬನಿ ಒಪ್ಪಂದದ ಪ್ರಕಾರ ಇರೊಕ್ವಾ ಬುಡಕಟ್ಟುಗಳೂ ಬ್ಲೂ ರಿಜ್‌ನ ಪೂರ್ವಕ್ಕೆ ಬಾರದಿರಲು ಸಮ್ಮತಿಸಿದುವು. ಅನಂತರ ಯೂರೋಪಿನ ಮೂಲದ ರೈತರು ಮೊದಲು ನದೀತೀರದ ಫಲವತ್ತಾದ ನೆಲವನ್ನೂ ಕ್ರಮೇಣ ಬೆಟ್ಟದ ಕಣಿವೆಗಳನ್ನೂ ಆಕ್ರಮಿಸಿದರು. ಬಯಲಿನ ದೊಡ್ಡ ಜಮೀನುಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ೧೮೫೦ರ ಜನಗಣತಿಯಂತೆ ಕೌಂಟಿಯ ಜನಸಂಖ್ಯೆ ೯,೭೮೨. ಇವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಗುಲಾಮಗಿರಿಯಲ್ಲಿದ್ದವರೆಂಬುದನ್ನು ಗಮನಿಸಬೇಕು.

ಕಣಿವೆಯ ಕುಟುಂಬಗಳ ಜೀವನಕ್ರಮ ಬಯಲಿನವರದಕ್ಕಿಂತ ಭಿನ್ನವಾಗಿತ್ತು. ಜೋಳ ಬೆಳೆಯುವುದು, ಸೇಬು ಮಾರುವುದು, ಹಂದಿ ದನಗಳನ್ನು ಸಾಕುವುದು, ಚರ್ಮ ಹದಮಾಡುವ ಕಾರ್ಖಾನೆಗಳಿಗೆ ಮರದ ತೊಗಟೆಯನ್ನು ಒದಗಿಸುವುದು ಇವು ಅವರ ಕಸುಬುಗಳು. ಚೆಸ್ಟ್‌ನಟ್ ಮರವು ಅವರಿಗೆ ಕಲ್ಪವೃಕ್ಷದಂತಿತ್ತು. ಅದರ ಕಾಯಿ ಮನುಷ್ಯರಿಗೂ ಹಂದಿಗಳಿಗೂ ಆಹಾರ, ಮಾರಿದರೆ ಹಣ. ಅದರ ಮರ ಬೇಲಿಗೂ ಮನೆಗೂ ಒದಗುತ್ತಿತ್ತು. ೧೯೦೪ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಾಣಿಸಿಕೊಂಡ ಒಂದು ಶಿಲೀಂಧ್ರರೋಗವು ದಕ್ಷಿಣಕ್ಕೆ ಹಬ್ಬಿ, ೧೯೨೦ರ ದಶಕ ಮುಗಿಯುವುದರೊಳಗಾಗಿ ಈ ಬೆಟ್ಟಗಳ ಚೆಸ್ಟ್‌ನಟ್ ಮರಗಳನ್ನು ಬಹುಮಟ್ಟಿಗೆ ನಾಶಮಾಡಿತು. ಅದರ ಬೆನ್ನಿಗೇ ಆರ್ಥಿಕ ಮುಗ್ಗಟ್ಟೂ ಬಂದಿತು. ಉದ್ಯಾನದ ಯೋಜನೆ ಈ ಜನರ ಬಾಗಿಲಿಗೆ ಬಂದುದು ಅವರು ಹೀಗೆ ದುರ್ಬಲರಾಗಿದ್ದ ಕಾಲದಲ್ಲಿ.

೧೯೨೬ರಲ್ಲಿ ಅಮೆರಿಕದ ಕಾಂಗ್ರೆಸ್ಸು ಶೆನಂಡೋವ ರಾಷ್ಟ್ರೀಯ ಉದ್ಯಾನದ ಸ್ಥಾಪನೆಗೆ ಅನುಮತಿ ನೀಡಿತು. ದೇಶದ ಪಶ್ಚಿಮ ಭಾಗದ ಉದ್ಯಾನಗಳು ಬಹುಮಟ್ಟಿಗೆ ಸರಕಾರದ ಸ್ವಾಮ್ಯದಲ್ಲಿದ್ದ ನೆಲದಲ್ಲಿ ಏರ್ಪಟ್ಟವು; ಇಲ್ಲಿಯಾದರೋ ನೆಲವೆಲ್ಲವೂ ಖಾಸಗಿಯವರದು. ಅದನ್ನು ಕೇಂದ್ರ ಸರಕಾರ ಕೊಳ್ಳತಕ್ಕದ್ದಲ್ಲ, ವರ್ಜೀನಿಯ ರಾಜ್ಯವೇ ಸಂಪಾದಿಸಿ ದಾನವಾಗಿ ಒಪ್ಪಿಸತಕ್ಕದ್ದು ಎಂಬುದು ನಿಬಂಧನೆ. ಸಾವಿರಾರು ತುಂಡುಗಳಾಗಿ ಹಂಚಿಹೋಗಿದ್ದ ನೆಲವನ್ನು ಒಬ್ಬೊಬ್ಬರಿಂದಲೂ ಕೊಳ್ಳುವುದು ಅಸಾಧ್ಯವೆಂದು ಕಂಡುಬಂದುದರಿಂದ, ೧೯೨೮ರಲ್ಲಿ ರಾಜ್ಯವು ವಿಶೇಷವಾದೊಂದು ಭೂಸ್ವಾಧೀನ ಶಾಸನವನ್ನು ಮಾಡಿತು. ಇದರಂತೆ ಒಂದೊಂದು ಕೌಂಟಿಯ ಸಮಸ್ತ ಹಿಡುವಳಿಗಳನ್ನೂ ಒಂದೇ ವ್ಯಾಜ್ಯದಲ್ಲಿ ವಶಪಡಿಸಿಕೊಳ್ಳಲು ಅವಕಾಶವಾಯಿತು. ಆಲ್ಬೆಮಾರ್ಲ್ ಕೌಂಟಿಯ ಭೂಮಾಲಿಕ ರಾಬರ್ಟ್ ವಯ ಎಂಬಾತನು ಈ ಶಾಸನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದನು. ಒಂದು ರಾಜ್ಯವು ಕೇಂದ್ರ ಸರಕಾರಕ್ಕೆ ದಾನ ಮಾಡುವ ಸಲುವಾಗಿ ಪ್ರಜೆಯ ನೆಲವನ್ನು ಕಸಿದುಕೊಳ್ಳಬಹುದೇ ಎಂಬುದು ಅವನ ವಾದದ ತಿರುಳು. ೧೯೩೫ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನಿಗೆ ವಿರುದ್ಧವಾದ ತೀರ್ಪನ್ನೇ ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರ್ ೨೬ರಂದು ಸುಮಾರು ೧,೭೬,೦೦೦ ಎಕರೆ ನೆಲದೊಡನೆ ಉದ್ಯಾನವು ವಿಧ್ಯುಕ್ತವಾಗಿ ಅಸ್ತಿತ್ವಕ್ಕೆ ಬಂದಿತು. ೧೯೩೬ರ ಜುಲೈ ೩ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದನು.

ಈ ಸ್ವಾಧೀನಕ್ಕೆ ಜನಾಭಿಪ್ರಾಯವನ್ನು ಅಣಿಗೊಳಿಸಿದ ಸಾಹಿತ್ಯವನ್ನೂ ಪರಿಶೀಲಿಸುವುದು ಅವಶ್ಯಕ. ೧೯೩೩ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಂಡೆಲ್ ಷರ್ಮನ್ ಮತ್ತು ಪತ್ರಕರ್ತ ಥಾಮಸ್ ಹೆನ್ರಿ ಇವರು 'ಹಾಲೋ ಫೋಕ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಬೆಟ್ಟದ ಐದು ಕಣಿವೆಗಳನ್ನು ಅವರು ನಾಗರಿಕತೆಯ ಮೆಟ್ಟಿಲುಗಳಂತೆ ಒಂದರ ಮೇಲೊಂದಾಗಿ ಜೋಡಿಸಿ, ಅತ್ಯಂತ ಕೆಳಗಿನದರ ನಿವಾಸಿಗಳು ಹೊರಜಗತ್ತಿನ ಸಂಪರ್ಕವೇ ಇಲ್ಲದೆ ಹಿಂದುಳಿದವರೆಂದು ಚಿತ್ರಿಸಿದರು. ಇಂತಹವರನ್ನು ಬೆಟ್ಟದಿಂದ ಕೆಳಗಿಳಿಸುವುದು ಅವರಿಗೇ ಉಪಕಾರವೆಂಬ ಭಾವನೆಗೆ ಈ ಗ್ರಂಥ ಪುಷ್ಟಿಯನ್ನೊದಗಿಸಿತು. ಆದರೆ ಈ ಕಣಿವೆಗಳ ಸಮೀಪದಲ್ಲಿಯೇ ಸ್ಕೈಲ್ಯಾಂಡ್ ಎಂಬ ವಿಹಾರಧಾಮವು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆಯುತ್ತಿದ್ದಿತು. ಕಾರ್ಬಿನ್ ಕಣಿವೆಯವರು ತಾವು ಹೆಣೆದ ಬುಟ್ಟಿಗಳನ್ನು ಅಲ್ಲಿಯ ಪ್ರವಾಸಿಗಳಿಗೆ ಮಾರುತ್ತಿದ್ದರು. ಹೀಗಿರಲು ಹೊರಜಗತ್ತನ್ನೇ ಕಾಣದವರೆಂಬ ಮಾತು ಹೇಗೆ ನಿಂತೀತು?

ಸ್ವಾಧೀನದ ಕಾಲದಲ್ಲಿ ಉದ್ಯಾನದ ಎಲ್ಲೆಯೊಳಗೆ ಸುಮಾರು ೫೦೦ ಕುಟುಂಬಗಳಿದ್ದುವು. ಇವರೆಲ್ಲರ ಸ್ಥಿತಿಯೂ ಒಂದೇ ಆಗಿರಲಿಲ್ಲ. ಸ್ವಂತ ನೆಲವುಳ್ಳವರಿಗೆ ಪರಿಹಾರ ದೊರೆಯಿತು. ಕೆಲವರು ಸಂತೋಷದಿಂದಲೇ ಮಾರಿ ಹೊರಟರು. ಗೇಣಿದಾರರಿಗೂ, ಕಾಗದಪತ್ರಗಳಿಲ್ಲದೆ ತಲೆಮಾರುಗಳಿಂದ ವಾಸವಾಗಿದ್ದವರಿಗೂ ನೆಲದ ಬೆಲೆಯೆಂದು ಏನೂ ಬರುವಂತಿರಲಿಲ್ಲ. ಇವರಿಗಾಗಿ ಕೇಂದ್ರ ಸರಕಾರದ ಪುನರ್ವಸತಿ ಇಲಾಖೆಯು ಐದು ಕೌಂಟಿಗಳಲ್ಲಿ ಏಳು ಹೊಸ ವಸತಿಗಳನ್ನು ನಿರ್ಮಿಸಿತು. ಇವುಗಳಲ್ಲಿ ಎರಡು, ಎಂದರೆ ಫ್ಲಿಂಟ್ ಹಿಲ್ ಮತ್ತು ವಾಷಿಂಗ್ಟನ್, ರಾಪಹಾನಕ್ ಕೌಂಟಿಗೆ ಸೇರಿದವು. ಮನೆ, ಕೊಟ್ಟಿಗೆ, ಕೆಲವೆಕರೆ ಜಮೀನು ಇವನ್ನು ದೀರ್ಘಾವಧಿಯ ಸಾಲದ ಮೇಲೆ ಕೊಡುವುದು ಯೋಜನೆಯ ಕ್ರಮ. ಸುಮಾರು ೧೭೦ ಕುಟುಂಬಗಳು ಹೀಗೆ ನೆಲೆಗೊಂಡುವು. ಸಾಲ ತೀರಿಸಲು ಶಕ್ತರಲ್ಲವೆಂದು ಎಣಿಸಲಾದವರ ಭಾರವು ರಾಜ್ಯದ ಕ್ಷೇಮಾಭಿವೃದ್ಧಿ ಇಲಾಖೆಯ ಮೇಲೆ ಬಿದ್ದಿತು. ಕೆಲವು ವೃದ್ಧರಿಗೆ ಮಾತ್ರ ಜೀವಿತಾವಧಿಯವರೆಗೆ ಬೆಟ್ಟದಲ್ಲಿಯೇ ಇರಲು ಅನುಮತಿ ದೊರೆಯಿತು. ಅವರಲ್ಲಿ ಕೊನೆಯವಳಾದ ವೃದ್ಧೆ ತೀರಿಕೊಂಡುದು ೧೯೭೯ರಲ್ಲಿ. ತೆರವಾದ ಮನೆಗಳನ್ನು ಬಹುಮಟ್ಟಿಗೆ ಕೆಡವಲಾಯಿತು ಅಥವಾ ಸುಡಲಾಯಿತು.

ಈ ಜನರ ಅಭಿಪ್ರಾಯವನ್ನು ತಿಳಿಯಲು ನಮಗಿಂದು ಎರಡು ಬಗೆಯ ಆಧಾರಗಳು ದೊರೆತಿವೆ. ಮೊದಲನೆಯವು ಅವರೇ ಬರೆದ ಪತ್ರಗಳು. ಹೊರಡುವ ಮುನ್ನ ಅವರು ಸರಕಾರದ ಅಧಿಕಾರಿಗಳಿಗೆ ಬರೆದ ಸುಮಾರು ೩೦೦ ಪತ್ರಗಳು ಉಳಿದುಬಂದಿದ್ದು, ವಿದುಷಿ ಕ್ಯಾಟ್ರಿನ ಪೊವೆಲ್ ಅವುಗಳನ್ನು ಅಭ್ಯಸಿಸಿ ೨೦೦೯ರಲ್ಲಿ ಸಂಕಲನವೊಂದನ್ನು ಹೊರತಂದರು. ನೆಟ್ಟ ಬೆಳೆಯನ್ನು ಕೊಯ್ಯಬಹುದೇ, ಹಳೆಯ ಮನೆಯ ಕಿಟಕಿ ಬಾಗಿಲುಗಳನ್ನು ಒಯ್ಯಬಹುದೇ, ಹೊಸ ಮನೆ ಸಿದ್ಧವಾಗುವವರೆಗೆ ಇರಬಹುದೇ ಎಂಬಂತಹ ವಿಜ್ಞಾಪನೆಗಳು ಇವುಗಳಲ್ಲಿವೆ. ನಿನ್ನೆಯವರೆಗೆ ತಮ್ಮದಾಗಿದ್ದುದಕ್ಕೆ ಇಂದು ಅಪ್ಪಣೆ ಬೇಡಬೇಕಾದವರ ಸಂಕಟವು ಇವುಗಳಿಂದ ತಿಳಿಯುತ್ತದೆ. ಅಲ್ಲದೆ, ಅಕ್ಷರಜ್ಞಾನವಿಲ್ಲದವರೆಂದು ಹೆಸರಾದ ಜನರೇ ತಮ್ಮ ಹಕ್ಕಿಗಾಗಿ ಲೇಖನಿ ಹಿಡಿದರೆಂಬುದಕ್ಕೆ ಇವು ಸಾಕ್ಷಿ. ಎರಡನೆಯದು ಪುರಾತತ್ತ್ವದ ಆಧಾರ. ೧೯೯೦ರ ದಶಕದಲ್ಲಿ ಆಡ್ರಿ ಹಾರ್ನಿಂಗ್ ಅವರು ನೆರೆಯ ಮ್ಯಾಡಿಸನ್ ಕೌಂಟಿಯ ನಿಕಲ್ಸನ್, ಕಾರ್ಬಿನ್ ಮತ್ತು ವೀಕ್ಲಿ ಎಂಬ ಮೂರು ಕಣಿವೆಗಳ ನಿವೇಶನಗಳನ್ನು ಶೋಧಿಸಿದರು. ಕಾರ್ಖಾನೆಯಲ್ಲಿ ತಯಾರಾದ ಪಿಂಗಾಣಿ, ಗಾಜಿನ ಸೀಸೆಗಳು, ಮಕ್ಕಳ ಆಟಿಕೆಗಳು, ಗ್ರಾಮಫೋನ್ ತಟ್ಟೆಗಳ ಚೂರುಗಳು ಅಲ್ಲಿ ದೊರೆತುವು. ಇವರು ತಮ್ಮ ಕಾಲದ ಮಾರುಕಟ್ಟೆಯೊಡನೆ ಬೆರೆತಿದ್ದ ಸಾಮಾನ್ಯ ರೈತರೇ ಹೊರತು, ಗ್ರಂಥವು ಹೇಳಿದಂತೆ ಕಾಲದಿಂದ ಹಿಂದುಳಿದವರಲ್ಲವೆಂದು ಇದರಿಂದ ವ್ಯಕ್ತವಾಗುತ್ತದೆ.

ಈಗ ರಾಪಹಾನಕ್‌ಗೆ ಹಿಂದಿರುಗೋಣ. ೧೮೫೦ರಲ್ಲಿ ೯,೭೮೨ ಇದ್ದ ಜನಸಂಖ್ಯೆ ೧೯೭೦ರಲ್ಲಿ ೫,೧೯೯ಕ್ಕೆ ಇಳಿದಿತ್ತು. ಈ ಇಳಿತಕ್ಕೆ ಉದ್ಯಾನವೊಂದೇ ಕಾರಣವೆನ್ನಲಾಗದು. ಅಂತರ್ಯುದ್ಧದ ತರುವಾಯ ವಿಮೋಚನೆ ಹೊಂದಿದವರು ಹೊರಹೋದುದೂ, ನಗರಗಳ ಉದ್ಯೋಗದ ಸೆಳೆತವೂ ಇದಕ್ಕೆ ಸಹಾಯಕವಾದುವು. ಆದರೆ ಬೆಟ್ಟದ ಮೇಲ್ಭಾಗವು ನಿರ್ಜನವಾಗಿ ಮತ್ತೆ ಕಾಡಾದುದು ಮಾತ್ರ ಸರಕಾರದ ನಿರ್ಧಾರದಿಂದ. ಹೊಲ ಮನೆಗಳಿದ್ದ ನೆಲವನ್ನೂ ಒಳಗೊಂಡಂತೆ ಉದ್ಯಾನದ ಸುಮಾರು ೭೯,೦೦೦ ಎಕರೆಗಳನ್ನು ೧೯೭೬ರಲ್ಲಿ ಕಾಂಗ್ರೆಸ್ಸು ಶಾಸನದ ಮೂಲಕ 'ವನ್ಯಪ್ರದೇಶ'ವೆಂದು ಘೋಷಿಸಿತು. ಇತ್ತ ತಪ್ಪಲಿನಲ್ಲಿ, ಭೂದೃಶ್ಯ ಕೆಡದಿರಲೆಂದು ಕೌಂಟಿಯು ಕೃಷಿಪ್ರದೇಶದ ನೆಲವನ್ನು ೨೫ ಎಕರೆಗಿಂತ ಸಣ್ಣ ನಿವೇಶನಗಳಾಗಿ ಒಡೆಯುವುದನ್ನು ನಿರ್ಬಂಧಿಸಿತು. ೨೦೨೦ರ ಜನಗಣತಿಯಲ್ಲಿ ೭,೩೪೮ ಜನರಿದ್ದ ಕೌಂಟಿಯ ಹೊಲಗಳು ಬಡಾವಣೆಗಳಾಗದೆ ಉಳಿದುದರಲ್ಲಿ ಈ ನಿಯಮದ ಪಾತ್ರ ದೊಡ್ಡದು. ಆದರೆ ಇದರ ಫಲವಾಗಿ, ಸ್ವಲ್ಪ ಹಣವುಳ್ಳವನು ಇಲ್ಲಿ ಮನೆ ಕಟ್ಟಿಕೊಳ್ಳುವುದು ಕಷ್ಟವಾಗಿದೆ. ಕೆಲವೆಕರೆ ಜಮೀನಿನ ಮೇಲೆ ಕುಟುಂಬಗಳನ್ನು ನೆಲೆಗೊಳಿಸಿದ ಅದೇ ಕೌಂಟಿಯಲ್ಲಿ ಇಂದು ಅಂತಹ ಸಣ್ಣ ಹಿಡುವಳಿಯನ್ನು ಹೊಸದಾಗಿ ಪಡೆಯುವುದು ಸುಲಭವಲ್ಲ.

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದಾಗಿದೆ. ತಪ್ಪಲಿಗೆ ಬಂದವರಲ್ಲಿ ಒಂದು ವರ್ಗ ಬೆಟ್ಟದ ಮೇಲಿನಿಂದ, ಇನ್ನೊಂದು ವರ್ಗ ನಗರದಿಂದ ಬಂದಿತು. ಮೊದಲನೆಯವರಿಗೆ ಆಯ್ಕೆಯಿರಲಿಲ್ಲ, ಎರಡನೆಯವರಿಗೆ ಇತ್ತು. ಎರಡನೆಯವರು ಮೆಚ್ಚಿ ಬಂದ ಕಾಡು ಮೊದಲನೆಯವರು ಬಿಟ್ಟುಬಂದ ನೆಲದಲ್ಲಿಯೇ ಬೆಳೆದುದು. ಉದ್ಯಾನದಿಂದ ಅರಣ್ಯಕ್ಕೂ ಕೋಟ್ಯಂತರ ಪ್ರವಾಸಿಗಳಿಗೂ ಆದ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಲಾಭದ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ಚರಿತ್ರೆ ಅಪೂರ್ಣ. ಸ್ಥಳಾಂತರಗೊಂಡವರ ವಂಶಜರು ೨೦೧೫ರಿಂದೀಚೆಗೆ ಉದ್ಯಾನದ ಸುತ್ತಲಿನ ಕೌಂಟಿಗಳಲ್ಲಿ ಕಲ್ಲಿನ ಹೊಗೆಗೂಡುಗಳನ್ನು ಸ್ಮಾರಕವಾಗಿ ನಿಲ್ಲಿಸಿ, ಕುಟುಂಬಗಳ ಹೆಸರುಗಳನ್ನು ಅವುಗಳಲ್ಲಿ ನಮೂದಿಸುತ್ತ ಬಂದಿದ್ದಾರೆ. ಕಾಡಿನೆಡೆಯಲ್ಲಿ ಇಂದಿಗೂ ಅಲ್ಲಲ್ಲಿ ಕಾಣುವ ಮನೆಯ ತಳಪಾಯಗಳನ್ನೂ ಬೇಲಿಗಲ್ಲುಗಳನ್ನೂ ಓದುವವರಿಗೆ ಆ ಹೆಸರುಗಳು ಮಾರ್ಗದರ್ಶಕವಾಗಿವೆ. ಯಾವುದೇ ದೇಶದ ಗಿರಿಪ್ರದೇಶವನ್ನು ಅಭ್ಯಾಸಕ್ಕೆ ಆರಿಸಿಕೊಳ್ಳುವ ನಮ್ಮ ವಿದ್ಯಾರ್ಥಿಗಳು ನಿರ್ಜನವಾದ ಸ್ಥಳವನ್ನು ಕಂಡಾಗ, ಅದು ಎಂದಿನಿಂದ ನಿರ್ಜನವಾಯಿತೆಂದು ಮೊದಲು ವಿಚಾರಿಸುವುದು ಒಳ್ಳೆಯದು.