ಹೊಲ ಮತ್ತು ಕಾರ್ಖಾನೆ: ದೊಡ್ಡೇರಿ ಸೀಮೆಯಿಂದ ಕಂಡ ಕಾರ್ಮಿಕ ಹೋರಾಟಗಳು

ಹಡಗು ಕಟ್ಟುವ ನಗರಗಳ ಕಾರ್ಮಿಕ ಚರಿತ್ರೆಗೂ ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ಸಂಬಂಧ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಯಿಂದ ಶುರುವಾಗುತ್ತದೆ. 1940ರ ಡಿಸೆಂಬರಿನಲ್ಲಿ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಮುಂದಿನ ಎಚ್‌ಎಎಲ್) ಹುಟ್ಟುಹಾಕಿದರು. 1941ರ ಜೂನ್‌ನಲ್ಲಿ ವಿಶಾಖಪಟ್ಟಣದಲ್ಲಿ ಅವರದೇ ಸಿಂಧಿಯಾ ಕಂಪನಿಯ ಹಡಗುಕಟ್ಟೆಗೆ ಶಂಕುಸ್ಥಾಪನೆಯಾಯಿತು. ಮುಂದೆ ಎರಡೂ ಸರ್ಕಾರದ ಕೈಗೆ ಬಂದವು. ಮಲ್ಪೆಯಲ್ಲಿ ಹಡಗು ಕಟ್ಟುವ ಕೆಲಸ ಇಂದಿಗೂ ನಡೆಯುತ್ತದೆ, ಆದರೆ ಅದನ್ನೇ ನೆಚ್ಚಿ ಬೆಳೆದ ನಗರ ಕರ್ನಾಟಕದಲ್ಲಿಲ್ಲ. ಪೂರ್ವ ಕರಾವಳಿಗೆ ವಿಶಾಖಪಟ್ಟಣ ಹೇಗೋ ನಮ್ಮ ಬಯಲುಸೀಮೆಗೆ ಬೆಂಗಳೂರು ಹಾಗೆ: ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್‌ ಎಂಬ ಸಾರ್ವಜನಿಕ ಉದ್ದಿಮೆಗಳ ಸೈರನ್ನಿಗೆ ಏಳುತ್ತಿದ್ದ ಊರು.

ಈ ಊರಿನ, ಅದರ ಆಸುಪಾಸಿನ ದುಡಿಮೆಯ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಬಟ್ಟೆ ಗಿರಣಿಗಳ ಬಗ್ಗೆ ಜಾನಕಿ ನಾಯರ್, ಐಟಿಐ ಬಗ್ಗೆ ದಿಲೀಪ್ ಸುಬ್ರಮಣಿಯನ್, ಗಾರ್ಮೆಂಟ್ಸ್ ಕೆಲಸಗಾರರ ಬಗ್ಗೆ ಸುಪ್ರಿಯಾ ರಾಯ್‌ಚೌಧುರಿ ಬರೆದಿದ್ದಾರೆ. ಇವರ ನೋಟ ಬಹುಮಟ್ಟಿಗೆ ನಗರದಲ್ಲಿ ನೆಲೆಯೂರಿದ್ದು. ಅದೇ ಹೋರಾಟಗಳನ್ನು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಬೇರೆ ಸಂಗತಿಗಳು ಕಾಣುತ್ತವೆ ಎಂಬುದು ಈ ಲೇಖನದ ವಾದ. ಊರಿನ ಜಮೀನು ಈ ಕಾರ್ಮಿಕರ ಹಿನ್ನೆಲೆ ಮಾತ್ರವಲ್ಲ, ಅವರ ಬೇಡಿಕೆಗಳಿಗೆ ರೂಪ ಕೊಟ್ಟದ್ದೂ ಅದೇ.

ಆ ಜಮೀನಿನ ಸ್ಥಿತಿ ಗೊತ್ತಿದ್ದದ್ದೇ. ಕಡಲೆಕಾಯಿ, ರಾಗಿ, ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆರೆ ಒಣಗಿದ ಮೇಲೆ ಬೋರ್‌ವೆಲ್, ಬೋರ್‌ವೆಲ್ ಬತ್ತಿದ ಮೇಲೆ ಸಾಲ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ಮಧುಗಿರಿ, ಸಿರಾ, ಪಾವಗಡಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಮನೆಗೊಬ್ಬರಾದರೂ ತುಮಕೂರು, ದೊಡ್ಡಬಳ್ಳಾಪುರ, ಪೀಣ್ಯದ ಬಸ್ಸು ಹತ್ತುವುದು ಇಲ್ಲಿ ಬೇಸಾಯದ್ದೇ ಒಂದು ಭಾಗ.

ಇನ್ನು ಹೋರಾಟಗಳ ಮಾತು. ಪೋಲೆಂಡಿನ ಗ್ಡಾನ್ಸ್ಕ್ ಹಡಗುಕಟ್ಟೆಯ ಮುಷ್ಕರ 1980ರ ಆಗಸ್ಟಿನಲ್ಲಿ ಜಗತ್ತಿನ ಗಮನ ಸೆಳೆಯಿತು. ಅದೇ ವರ್ಷ ಡಿಸೆಂಬರ್ 26ರಂದು ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಕೆಲಸ ನಿಲ್ಲಿಸಿದರು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ ಬೇಕೆಂಬುದು ಬೇಡಿಕೆ. ಮುಷ್ಕರ 77 ದಿನ ನಡೆಯಿತು, ಬೇಡಿಕೆ ಮಾತ್ರ ಈಡೇರಲಿಲ್ಲ. ಇದು ಕಾಯಂ ನೌಕರರ ಹೋರಾಟ: ಸಂಘವಿತ್ತು, ಜಂಟಿ ಸಮಿತಿಯಿತ್ತು, ಹಿಂದಿನ ಒಪ್ಪಂದಗಳ ಕಾಗದವಿತ್ತು. ಸಂಬಳವಿಲ್ಲದ ಅಷ್ಟು ದಿನ ತಳ್ಳುವಾಗ ಊರಿನಿಂದ ರಾಗಿ ಮೂಟೆ ಬರುತ್ತಿದ್ದವನ ಸ್ಥಿತಿ, ಊರೇ ಇಲ್ಲದವನ ಸ್ಥಿತಿ ಒಂದೇ ಆಗಿರಲು ಸಾಧ್ಯವಿಲ್ಲ. ಮುಷ್ಕರದ ಸೋಲು ಗೆಲುವನ್ನು ನಾಯಕರ ತಂತ್ರಗಳಲ್ಲಷ್ಟೇ ಹುಡುಕುವ ಬರಹಗಳು ಈ ರಾಗಿ ಮೂಟೆಯ ಲೆಕ್ಕವನ್ನು ಬಿಟ್ಟಿವೆ ಎಂಬುದು ನನ್ನ ಆಕ್ಷೇಪ.

ಕಾಯಂ ಕೆಲಸ ತುಮಕೂರಿಗೂ ಬಂದಿತ್ತು. 1978ರಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಜಿಲ್ಲೆಯ ಹುಡುಗರಿಗೆ ಸರ್ಕಾರಿ ಫ್ಯಾಕ್ಟರಿಯ ರುಚಿ ತೋರಿಸಿತು. 2016ರ ಜನವರಿ 3ರಂದು ಪ್ರಧಾನಿ ನರೇಂದ್ರ ಮೋದಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಘಟಕಕ್ಕೆ ಶಂಕುಸ್ಥಾಪನೆ ಮಾಡಿದರು. ಅದೇ ವಾರ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಗಡಿಯಾರದ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಒಂದು ಜಿಲ್ಲೆಗೆ ಒಂದೇ ವಾರದಲ್ಲಿ ಇಷ್ಟು ಕೊಟ್ಟು ಇಷ್ಟು ಕಿತ್ತುಕೊಂಡದ್ದನ್ನು ಯಾರೂ ಜೊತೆಗಿಟ್ಟು ಓದಿದಂತಿಲ್ಲ.

ಅದೇ ವರ್ಷದ ಏಪ್ರಿಲ್ ಇನ್ನೂ ಮುಖ್ಯ. ಫೆಬ್ರುವರಿ 10ರ ಕೇಂದ್ರದ ಅಧಿಸೂಚನೆ ಭವಿಷ್ಯನಿಧಿಯಲ್ಲಿ (ಪಿಎಫ್) ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18ರಂದು ಬೆಂಗಳೂರಿನ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದರು. ಮರುದಿನ ತುಮಕೂರು ರಸ್ತೆ, ಪೀಣ್ಯ, ಜಾಲಹಳ್ಳಿ ಕ್ರಾಸ್‌ಗಳೂ ತುಂಬಿದವು. ಕರೆ ಕೊಟ್ಟ ದೊಡ್ಡ ಸಂಘವಿರಲಿಲ್ಲ, ವೇದಿಕೆಯಿರಲಿಲ್ಲ. ಲಾಠಿ ಬೀಸಿತು, ಬಸ್ಸುಗಳು ಸುಟ್ಟವು. 19ರ ಸಂಜೆಯೊಳಗೆ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಸಂಘಟಿತ ಕಾಯಂ ನೌಕರರು 77 ದಿನಗಳಲ್ಲಿ ಮಾಡಲಾಗದ್ದನ್ನು, ಅಂದರೆ ಕೇಂದ್ರ ಸರ್ಕಾರವನ್ನು ಮಣಿಸುವುದನ್ನು, ಇವರು ಎರಡು ದಿನಗಳಲ್ಲಿ ಮಾಡಿದರು.

ಇಷ್ಟು ಕಿಚ್ಚು ಯಾಕೆ? ಮಾಲೀಕರು ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿಗೆ ಹೋಗಿ, ಪಿಎಫ್‌ಗೆ ಉಳಿಯುವುದು ಶೇ 3.67. ನಗರದ ಪತ್ರಿಕೆಗಳಿಗೆ ಅದು ಚಿಲ್ಲರೆ. ಆದರೆ ಹೊಲಿಗೆ ಲೈನ್‌ನಲ್ಲಿ ನಲವತ್ತು ದಾಟಿದವರು ವಿರಳ, 58 ಎಂಬುದು ಅವರಿಗೆ ಸಿಗದ ವಯಸ್ಸು. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟಿಗೆ ಬೆನ್ನು ಸೋತಾಗ ಕೆಲಸ ಬಿಟ್ಟು, ಪಿಎಫ್ ದುಡ್ಡು ಬಿಡಿಸಿಕೊಂಡು, ತಂಗಿಯ ಮದುವೆಗೋ ಸಂಘದ ಸಾಲಕ್ಕೋ ಬೋರು ಕೊರೆಸುವುದಕ್ಕೋ ಹಾಕುವುದು ಈ ಸೀಮೆಯ ಮನೆಗಳ ಲೆಕ್ಕಾಚಾರ. ದೆಹಲಿಯ ಕಚೇರಿ ಅದನ್ನು ಮುಪ್ಪಿನ ಉಳಿತಾಯ ಎಂದುಕೊಂಡಿತ್ತು. ಹೆಣ್ಣುಮಕ್ಕಳ ಪಾಲಿಗೆ ಅದು ಊರಿಗೆ ಮರಳುವ ಬಂಡವಾಳ. ಹಾಗಾಗಿ 2016ರದ್ದು ಕಾರ್ಖಾನೆಯ ಹೋರಾಟವಾದಷ್ಟೇ ಹೊಲದ ಹೋರಾಟವೂ ಹೌದು. ಇದನ್ನು ‘ದಿಢೀರ್ ಗಲಭೆ’ ಎಂದು ಕರೆದವರು ಅವಸರಪಟ್ಟರು.

ಮರಳುವ ಹೊಲವೂ ಈಗ ಮೊದಲಿನಂತಿಲ್ಲ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆ 2,050 ಮೆಗಾವಾಟ್‌ನ ಸೋಲಾರ್ ಪಾರ್ಕಿಗೆ ಗುತ್ತಿಗೆಯಾಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಜಮೀನಿದ್ದವರಿಗೆ ಸಿಗುತ್ತದೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದ ಭೂಹೀನರ ಕೂಲಿಗೆ ಒಪ್ಪಂದದಲ್ಲಿ ಜಾಗವಿಲ್ಲ. ಮುಂದಿನ ಹೋರಾಟಗಳಿಗೆ ಊರಿನ ಆಸರೆ ಯಾರಿಗಿದ್ದೀತು, ಯಾರಿಗಿಲ್ಲ ಎಂಬುದನ್ನು ಜಾತಿ ಮತ್ತು ಜಮೀನಿನ ಲೆಕ್ಕ ಹಿಡಿದೇ ನೋಡಬೇಕು.

ಆ ಕೆಲಸಕ್ಕೆ ಆಕರಗಳು ಕೈತಪ್ಪುವ ಮೊದಲು ತುಮಕೂರು ವಿಶ್ವವಿದ್ಯಾಲಯ ಮುಂದಾಗಲಿ. ಎಚ್‌ಎಂಟಿಯಿಂದ ನಿವೃತ್ತರಾದವರ, ಗಾರ್ಮೆಂಟ್ಸ್ ಬಿಟ್ಟು ಊರಿಗೆ ಬಂದವರ ಮಾತುಗಳನ್ನು ದಾಖಲಿಸಲಿ. ಸಂಬಳದ ಚೀಟಿ, ಸಂಘದ ಕರಪತ್ರ, ಪಿಎಫ್ ಅರ್ಜಿ ಇಟ್ಟುಕೊಂಡಿರುವ ಓದುಗರು ಅವನ್ನು ರದ್ದಿಗೆ ಹಾಕದೆ ಸಂಶೋಧಕರ ಕೈಗೆ ಕೊಡಬೇಕೆಂದು ಕೋರುತ್ತೇನೆ.