ದರಗಿನ ಮನೆ

ಹಾವಿನ ಮನೆ ಯಾವುದು ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹುತ್ತ ಎನ್ನುತ್ತಾರೆ. ಆದರೆ ಹುತ್ತ ಕಟ್ಟಿದ್ದು ಗೆದ್ದಲು. ಹಾವು ಅಲ್ಲಿ ಗೇಣಿ ಕೊಡದ ಒಕ್ಕಲು. ಅದನ್ನೇ ಗಾದೆ ಮಾಡಿಕೊಂಡು, ಇನ್ನೊಬ್ಬರ ದುಡಿಮೆ ಉಂಡವರನ್ನು ಚುಚ್ಚಲು ಬಳಸುತ್ತೇವೆ. ಈ ಗಾದೆಗೆ ಒಂದು ಅಪವಾದವಿದೆ, ಅದು ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡುಗಳಲ್ಲೇ ಇದೆ. ಕಾಳಿಂಗ ಸರ್ಪ ತನ್ನ ಗೂಡನ್ನು ತಾನೇ ಕಟ್ಟುತ್ತದೆ. ಹೀಗೆ ಎಲೆ ಒಟ್ಟುಮಾಡಿ ಮೊಟ್ಟೆಗೆ ಗೂಡು ಮಾಡುವ ಹಾವು ಜಗತ್ತಿನಲ್ಲಿ ಅದೊಂದೇ.

ಇದನ್ನೆಲ್ಲ ಓದಲು ಹೊರಟಿದ್ದು ಒಂದು ನಕ್ಷೆಯಿಂದ. ಸಾಗರದ ನೆಂಟರ ಹುಡುಗ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಮೊಬೈಲಿನಲ್ಲಿ ಒಂದು ಪೆಟ್ಟಿಗೆಯ ಚಿತ್ರ ತೋರಿಸಿದ್ದ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಮೂರು ಕಡೆ ಪ್ಲೈವುಡ್, ಮುಂದೆ ಜಾರುವ ಗಾಜು. ಒಂದು ತುದಿಯಲ್ಲಿ ಬಿಸಿ, ಇನ್ನೊಂದು ತುದಿಯಲ್ಲಿ ತಂಪು, ಎರಡೂ ಕಡೆ ಅಡಗಲು ಜಾಗ. ಬಾಲ್ ಪೈಥಾನ್ ಸಾಕಬೇಕಂತೆ. "ಊರಿನ ಆಚಾರ್ರ ಹತ್ರ ಮಾಡಿಸ್ಬೇಕು ಅಂತಿದೀನಿ ಮಾವ, ಅಳತೆ ಸರಿ ಇದೆಯಾ?" ಎಂದ. ಗುಡಿಗಾರರ ಊರಾದ ಸಾಗರದಲ್ಲಿ ಮರದ ಕೆಲಸಕ್ಕೇನೂ ಬರವಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಅಳತೆಯ ಮಾತು. ಹಾವಿಗೆ ಮನುಷ್ಯ ಮನೆ ಕಟ್ಟಿದಾಗಲೆಲ್ಲ ಅಳತೆ ತೆಗೆದದ್ದು ಯಾರಿಂದ? ಹಾವಿನಿಂದಲೋ, ತನ್ನಿಂದಲೋ?

ಸಾಗರದ ಪಕ್ಕದ ಕೆಳದಿಯ ಅರಸುಮನೆತನದ ಹುಟ್ಟಿಗೇ ಹಾವಿನ ಕತೆಯೊಂದು ಅಂಟಿಕೊಂಡಿದೆ. ಹೊಲದಲ್ಲಿ ನಿದ್ದೆ ಹೋಗಿದ್ದ ಚೌಡಪ್ಪನ ತಲೆಯ ಮೇಲೆ ನಾಗರ ಹೆಡೆಯೆತ್ತಿ ನೆರಳು ಹಿಡಿಯಿತು, ನಿಧಿಯ ಜಾಗ ತೋರಿಸಿತು. ಹಸುವೊಂದು ಹುತ್ತದ ಮೇಲೆ ಹಾಲು ಸುರಿಸಿತು, ಅಗೆದರೆ ಲಿಂಗ ಸಿಕ್ಕಿತು. ಅಲ್ಲಿ ರಾಮೇಶ್ವರನ ಗುಡಿ ಎದ್ದಿತು. ಹುತ್ತ ಅಗೆದ ಮೇಲೆ ಹಾವು ಎಲ್ಲಿಗೆ ಹೋಯಿತು ಎನ್ನುವುದು ನಾನು ಕೇಳಿದ ಯಾವ ಪಾಠದಲ್ಲೂ ಇಲ್ಲ. (ಹಾವು ಹಾಲು ಕುಡಿಯುವುದಿಲ್ಲ ಎಂಬುದನ್ನು ಇಲ್ಲಿ ಹೇಳಿ ಜಗಳ ತೆಗೆಯುವುದು ಬೇಡ.)

ನಾಗಬನದ ಲೆಕ್ಕ ಬೇರೆ. ಅಲ್ಲಿ ಯಾರೂ ಏನನ್ನೂ ಕಟ್ಟಲಿಲ್ಲ. ಒಂದು ತುಂಡು ಕಾಡಿಗೆ ಕತ್ತಿ ತಾಗಿಸಬಾರದು, ಸೊಪ್ಪು ಕಡಿಯಬಾರದು ಎಂದು ಬಿಟ್ಟರು, ನಡುವೆ ನಾಲ್ಕು ನಾಗರಕಲ್ಲು ನಿಲ್ಲಿಸಿದರು. ಗೋಡೆ ಇರಲಿಲ್ಲ, ಮನುಷ್ಯನ ಹೆದರಿಕೆಯೇ ಬೇಲಿ. ಅದರೊಳಗೆ ಹಾವಿಗೆ ಬೇಕಾದ ಕಪ್ಪೆ, ಇಲಿ, ನೆರಳು, ತೇವ ಎಲ್ಲ ತಾವಾಗಿಯೇ ಉಳಿದವು. ಈಗ ಎಷ್ಟೋ ಕಡೆ ಬನ ಹೋಗಿ ಸಿಮೆಂಟಿನ ಕಟ್ಟೆ ಬಂದಿದೆ, ಮೇಲೆ ಟೈಲ್ಸ್, ಸುತ್ತ ಕಬ್ಬಿಣದ ಗ್ರಿಲ್. ಕಲ್ಲಿನ ನಾಗನಿಗೆ ಅಭಿಷೇಕ ತಪ್ಪುವುದಿಲ್ಲ. ಜೀವದ ನಾಗ ಆ ಬಿಸಿ ಟೈಲ್ಸಿನ ಮೇಲೆ ಒಂದು ಗಳಿಗೆ ನಿಲ್ಲಲಾರದು. ಭಕ್ತಿ ಕಡಿಮೆಯಾದದ್ದರಿಂದ ಹೀಗಾಯಿತೆಂದು ನನಗನ್ನಿಸುವುದಿಲ್ಲ, ಗುಡಿಸಲು ಸುಲಭವೆಂದು ಆಯಿತು.

ಹಾವಾಡಿಗನ ಬಿದಿರು ಬುಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಗಲಿಗೆ ಹಗುರಾಗಬೇಕು, ಮುಚ್ಚಳ ತೆಗೆದೊಡನೆ ಹಾವು ತಲೆ ಎತ್ತಬೇಕು. ಆ ಅಳತೆ ಪೂರ್ತಿ ಮನುಷ್ಯನದು.

ಗಾಜಿನ ಪೆಟ್ಟಿಗೆಯ ಚರಿತ್ರೆಗೆ ಲಂಡನ್ನಿಗೆ ಹೋಗಬೇಕು. 1829ರ ಸುಮಾರಿಗೆ ಅಲ್ಲಿನ ನಥಾನಿಯಲ್ ವಾರ್ಡ್ ಎಂಬ ವೈದ್ಯ ಪತಂಗದ ಕೋಶವೊಂದನ್ನು ಮಣ್ಣಿನ ಸಮೇತ ಮುಚ್ಚಿದ ಬಾಟಲಿಯಲ್ಲಿಟ್ಟಿದ್ದ. ಒಳಗೆ ಜರೀಗಿಡ ಮೊಳೆಯಿತು. ಗಾಜಿನೊಳಗೆ ಒಂದು ಸಣ್ಣ ಹವಾಮಾನವನ್ನೇ ಇಟ್ಟುಕೊಳ್ಳಬಹುದೆಂಬ ಹುಚ್ಚು ಅಲ್ಲಿಂದ ಹರಡಿತು. 1849ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕರಿಗಾಗಿ ಸರೀಸೃಪಗಳ ಮನೆ ತೆರೆಯಿತು, ಜಗತ್ತಿನಲ್ಲೇ ಮೊದಲನೆಯದು. ಮೂರೇ ವರ್ಷಕ್ಕೆ, 1852ರಲ್ಲಿ, ಅದರ ಕಾವಲುಗಾರ ಎಡ್ವರ್ಡ್ ಗರ್ಲಿಂಗ್ ಕುಡಿದ ಅಮಲಿನಲ್ಲಿ ನಾಗರಹಾವನ್ನು ಕೈಗೆತ್ತಿಕೊಂಡು ಕಚ್ಚಿಸಿಕೊಂಡು ಸತ್ತ. ಆ ಕಾಲದ ಹಾವಿನ ಮನೆ ಎಂದರೆ ನೋಡುವವನಿಗೆ ಕಾಣಬೇಕು, ಹಾವು ಹೊರಗೆ ಬರಬಾರದು, ಅಷ್ಟೆ.

ಅಳತೆ ತಿರುಗಿದ್ದು 1927ರಲ್ಲಿ. ಜೋನ್ ಪ್ರಾಕ್ಟರ್ ಎಂಬ ತರುಣಿ ಅದೇ ಮೃಗಾಲಯಕ್ಕೆ ಹೊಸ ಮನೆಯ ವಿನ್ಯಾಸ ಮಾಡಿದಳು. ಮೈತುಂಬ ಕಾಯಿಲೆ, 1931ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡಳು. ಇಡೀ ಕಟ್ಟಡವನ್ನು ಒಂದೇ ಸಮ ಕಾಯಿಸುವ ಬದಲು ಒಂದೊಂದು ಗೂಡಿಗೂ ಬೇರೆ ಬೇರೆ ವಿದ್ಯುತ್ ಶಾಖ ಕೊಟ್ಟಳು, ಸೂರ್ಯನ ನೇರಳಾತೀತ ಕಿರಣ ಒಳಬಿಡುವ ಗಾಜು ಹಾಕಿಸಿದಳು. ಹಾವಿನ ಮೈಗೆ ಸ್ವಂತ ಬಿಸಿಯಿಲ್ಲ. ಬಿಸಿಲಿಗೆ ಬಂದು, ನೆರಳಿಗೆ ಸರಿದು ಅದು ತನ್ನ ಕಾವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಸರಿಯಲು ಜಾಗ ಕೊಡಬೇಕು ಎನ್ನುವುದು ಅವಳ ಕಟ್ಟಡದ ತಿರುಳು. ನಮ್ಮ ಹುಡುಗನ ನಕ್ಷೆಯ ಬಿಸಿ ತುದಿ, ತಂಪು ತುದಿಗಳ ಹಿಂದೆ ಈ ತಿಳಿವಳಿಕೆಯೇ ಇದೆ.

ಆ ಮೃಗಾಲಯಕ್ಕೆ ಬಂದ ಹಾವುಗಳಲ್ಲಿ ಒಂದು 1937ರಲ್ಲಿ ಮಲಯಾದ ಪೋರ್ಟ್ ಡಿಕ್ಸನ್ ಹತ್ತಿರ ಹಿಡಿದ ಕಾಳಿಂಗ. ಲಂಡನ್ನಿನಲ್ಲೇ ಬೆಳೆದು ಬೆಳೆದು 5.71 ಮೀಟರ್ ಮುಟ್ಟಿತು, ಎಂದರೆ 18 ಅಡಿ 9 ಅಂಗುಲ. ಅಳೆದು ದಾಖಲಿಸಿದ ಅತಿ ಉದ್ದದ ಕಾಳಿಂಗಗಳಲ್ಲಿ ಅದೂ ಒಂದು. 1939ರಲ್ಲಿ ಯುದ್ಧ ಘೋಷಣೆಯಾಯಿತು. ಬಾಂಬು ಬಿದ್ದು ಗಾಜು ಒಡೆದರೆ ವಿಷದ ಹಾವುಗಳು ಊರಿಗೆ ನುಗ್ಗಿಯಾವು ಎಂದು ಅವುಗಳನ್ನು ಕೊಂದರು. ಆ ಕಾಳಿಂಗವೂ ಹೋಯಿತು. ಹಾವಿನ ಹಿತ ನೋಡಿ ಬೆಳೆದ ಕಲೆಯ ಗಾಜಿನ ಮನೆಯೂ ಕೊನೆಗೆ ಬೀಗದ ಕೈ ಯಾರಲ್ಲಿದೆಯೋ ಅವರದೇ ಆಯಿತು. ನನಗೆ ಈ ಚರಿತ್ರೆಯಲ್ಲಿ ಹೆಚ್ಚು ಕಾಡಿದ್ದು ಗರ್ಲಿಂಗನ ಸಾವಲ್ಲ, ಇದು.

ಕಾಳಿಂಗದ ಗೂಡು ಕಟ್ಟುವ ಹಠ ಪಂಜರದೊಳಗೂ ಬಿಡಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಹೆಣ್ಣೊಂದು ಹಾಗೆ ಗೂಡು ಕಟ್ಟಿದ್ದನ್ನು ಜೇಮ್ಸ್ ಆಲಿವರ್ 1956ರಲ್ಲಿ ಬರೆದು ಪ್ರಕಟಿಸಿದರು. ಕಾಡಿನಲ್ಲಿ ಅದು ಹೇಗೆ ಬದುಕುತ್ತದೆ ಎನ್ನುವುದನ್ನು ಕೂತು ನೋಡಿದವರು ಆಗಿನ್ನೂ ಕಡಿಮೆ.

ರೊಮುಲಸ್ ವಿಟೇಕರ್ 1969ರಲ್ಲಿ ಮದ್ರಾಸಿನಲ್ಲಿ ಹಾವಿನ ಉದ್ಯಾನ ಶುರುಮಾಡಿದರು. 1971ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಅವರಿಗೆ ಕಾಳಿಂಗ ಎದುರಾಯಿತು. ಅದಾಗಿ ಮೂರು ದಶಕಕ್ಕೂ ಮೇಲೆ, 2005ರಲ್ಲಿ, ತಾಯಿಯಿಂದ ಬಂದ ಹಣ ಮತ್ತು ವಿಟ್ಲಿ ಪ್ರಶಸ್ತಿಯ ಹಣದಿಂದ ಅಲ್ಲಿಯೇ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು. ಮದ್ರಾಸಿನಲ್ಲಿ ಹಾವುಗಳಿಗೆ ತಾಣ ಕಟ್ಟಿದ ಮನುಷ್ಯ ಆಗುಂಬೆಯಲ್ಲಿ ಹಾವಿಗೇನೂ ಕಟ್ಟಲಿಲ್ಲ, ನೋಡುವವರಿಗೆ ಒಂದು ಸೂರು ಕಟ್ಟಿದರು. 2008ರಲ್ಲಿ ಕಾಳಿಂಗದ ಮೈಯೊಳಗೆ ಸಣ್ಣ ರೇಡಿಯೊ ಇಟ್ಟು ಹಿಂಬಾಲಿಸುವ ಕೆಲಸ ಮೊದಲಾಯಿತು. ಮನೆಯಂಗಳದಿಂದ ಹಿಡಿದು ದೂರದ 'ಒಳ್ಳೆಯ' ಕಾಡಿಗೆ ಬಿಟ್ಟ ಹಾವು ಅಲ್ಲಿ ನೆಲೆ ನಿಲ್ಲದೆ ಅಲೆಯುತ್ತದೆ ಎಂಬುದು ಆ ಹಿಂಬಾಲಿಕೆಯಿಂದ ಕಂಡಿತು. ಅದಕ್ಕೆ ಗೋಡೆಯಿಲ್ಲದಿದ್ದರೂ ಮನೆಯಿದೆ ಎಂದಾಯಿತು. 2024ರಲ್ಲಿ ಪಿ. ಗೌರಿ ಶಂಕರ್ ಮತ್ತು ಸಂಗಡಿಗರು, ಕಾಳಿಂಗ ಒಂದಲ್ಲ, ನಾಲ್ಕು ಜಾತಿ ಎಂದು ತೋರಿಸಿದರು. ಪಶ್ಚಿಮಘಟ್ಟದ್ದಕ್ಕೆ ಇಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ಕನ್ನಡದ ಮಾತು ವಿಜ್ಞಾನದ ಪಟ್ಟಿ ಸೇರಿತು.

ಈಗ ಆ ಗೂಡಿಗೆ ಬರೋಣ. ಬೇಸಿಗೆಯಲ್ಲಿ ಹೆಣ್ಣು ತನ್ನ ಮೈಯನ್ನೇ ಕೊಕ್ಕೆ ಮಾಡಿ ಸುತ್ತಲಿನ ದರಗನ್ನು ಎಳೆದು ಒತ್ತಿ ಗುಡ್ಡೆ ಮಾಡುತ್ತದೆ. ಒಳಗೆ 20, 30, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೊಟ್ಟೆ. ಎಲೆಗಳ ಪದರ ಒಂದರ ಮೇಲೊಂದು ಕೂತು, ಹೊರಗೆ ಮುಂಗಾರು ಸುರಿದರೂ ಮೊಟ್ಟೆಯ ಜಾಗಕ್ಕೆ ನೀರು ನುಗ್ಗದು. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಆಗುಂಬೆಯಲ್ಲಿ ಇದು ಸಣ್ಣ ಕಸುಬುಗಾರಿಕೆಯಲ್ಲ. ಹಂಚು ಕೈಯಾಡಿಸದೆ ಮಳೆಗಾಲ ಕಳೆಯಲಾರದ ನಮಗೆ ಅದು ಗೊತ್ತು. ಮೊಟ್ಟೆ ಒಡೆಯಲು ಎರಡೂವರೆಯಿಂದ ಮೂರೂವರೆ ತಿಂಗಳು ಬೇಕು. ತಾಯಿ ಬಹುಕಾಲ ಕಾವಲಿದ್ದು, ಮರಿ ಹೊರಬರುವ ಮೊದಲೇ ಹೊರಟುಹೋಗುತ್ತದೆ.

ದರಗು ನಮಗೂ ಬೇಕು. ಅಡಕೆ ತೋಟದವರು ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟ ಗುಡಿಸಿ, ಹೆಡಿಗೆ ತುಂಬಿ, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಮರದ ಬುಡಕ್ಕೆ ಹಾಕುತ್ತಾರೆ. ನಾವು ಗುಡಿಸುವ ಕಾಲದ ಬೆನ್ನಿಗೇ ಅದು ಗೂಡು ಕಟ್ಟುವ ಕಾಲ. ಬೆಟ್ಟದ ನೆಲ ಚೊಕ್ಕವಾದಷ್ಟೂ ಕಾಳಿಂಗಕ್ಕೆ ಸಾಮಗ್ರಿ ಕಡಿಮೆ. ಆಗ ಅದು ಎಲೆ ಉಳಿದಿರುವ ಕಡೆಗೆ, ಬಿದಿರು ಮಟ್ಟಿಗೆ, ತೋಟದ ಅಂಚಿಗೆ ಬರುವುದರಲ್ಲಿ ಆಶ್ಚರ್ಯವೇನಿಲ್ಲ. ತೋಟದಲ್ಲಿ ಗೂಡು ಕಂಡ ದಿನದಿಂದ ಕೆಲಸದ ಹೆಣ್ಣಾಳುಗಳು ಆ ಕಡೆ ಹೆಜ್ಜೆ ಇಡುವುದಿಲ್ಲ. ಅವರನ್ನು ಯಾವ ಬಾಯಿಂದ ಬನ್ನಿ ಎನ್ನುವುದು? ಬೆಳೆಗಾರ ಮೂರು ತಿಂಗಳು ತನ್ನ ನೆಲದ ಒಂದು ಭಾಗವನ್ನು ಹಾವಿಗೆ ಬಿಟ್ಟುಕೊಡಬೇಕು. ಬೆಂಕಿ ಇಟ್ಟರೂ ನೋಡುವವರಿಲ್ಲ. ಹಾಗಿದ್ದೂ ಬಿಟ್ಟುಕೊಡುವವರು ಇದ್ದಾರೆ.

ಗೂಡಿಗೆ ಸಂಶೋಧಕರು ಸೇರಿಸುವುದು ಎರಡೇ: ತಾಪ, ತೇವ ಬರೆದುಕೊಳ್ಳುವ ಸಣ್ಣ ಯಂತ್ರ; ಮರಿಗಳು ಹೊರಡುವ ದಿನ ಹತ್ತಿರವಾದಾಗ ಸುತ್ತ ಒಂದು ಬಲೆ. ಸಣ್ಣ ಕಣ್ಣಿನ ಬಲೆಯನ್ನು ಗೂಟಗಳಿಗೆ ಬಿಗಿದು, ಬುಡಕ್ಕೆ ಮಣ್ಣು ಕೊಡುತ್ತಾರೆ. ಕರಿ ಮೈಗೆ ಬಿಳಿ ಪಟ್ಟೆಯ ಮರಿಗಳು ಹೊರಬಂದಂತೆ ಎಣಿಸಿ, ಅಳೆದು, ಹತ್ತಿರದಲ್ಲೇ ಬಿಡುತ್ತಾರೆ.

ಹುಡುಗನಿಗೆ ನಾನು ಹೇಳಿದ್ದು ಕಾನೂನಿನ ಮಾತು ಮಾತ್ರ. 1972ರ ವನ್ಯಜೀವಿ ಕಾಯ್ದೆಯಂತೆ ನಮ್ಮ ಕಾಡಿನ ಕಾಳಿಂಗ, ನಾಗರ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. 2022ರ ತಿದ್ದುಪಡಿಯ ನಂತರ ಬಾಲ್ ಪೈಥಾನಿನಂಥ ವಿದೇಶಿ ಹಾವನ್ನೂ ನೋಂದಾಯಿಸದೆ ಇಟ್ಟುಕೊಳ್ಳುವಂತಿಲ್ಲ. ಪೆಟ್ಟಿಗೆಯ ಅಳತೆಗೆ ಉತ್ತರ ಕೊಡಲಿಲ್ಲ. ಮಳೆ ಹಿಡಿದ ಮೇಲೆ ತೀರ್ಥಹಳ್ಳಿ ಕಡೆಯ ಒಂದು ತೋಟಕ್ಕೆ ಬಾ ಎಂದೆ. ನಾವು ಹೋಗುವಷ್ಟರಲ್ಲಿ ಮರಿಗಳು ಹೋಗಿ ವಾರವಾಗಿತ್ತು, ಬಲೆ ಕಿತ್ತಿದ್ದರು. ಗೂಟದ ಗುಂಡಿಗಳಲ್ಲಿ ನೀರು ನಿಂತಿತ್ತು. ತೋಟದ ಯಜಮಾನರು ಕುಸಿದ ಗುಡ್ಡೆಯನ್ನು ಗುದ್ದಲಿಯಿಂದ ಸರಿಸಿ, ಕೊಳೆತ ದರಗನ್ನು ಬುಟ್ಟಿಗೆ ತುಂಬಿ ಪಕ್ಕದ ಅಡಕೆ ಮರದ ಬುಡಕ್ಕೆ ಹಾಕುತ್ತಿದ್ದರು.