ನೆರೆಯ ಬೆಳಕಿನ ಗದ್ದಲ: ಆಪ್ಟಿಕಲ್ ಫೈಬರ್ ಜಾಲದಲ್ಲಿ ಕ್ವಾಂಟಂ ಮಾಹಿತಿಯ ಸಾಗಣೆ

ಕ್ವಾಂಟಂ ಸಂವಹನದ ಪ್ರಬಂಧಗಳಲ್ಲಿ ಮೊದಲು ಕಣ್ಣಿಗೆ ಬೀಳುವ ಅಂಕಿ ದೂರದ್ದು. 2023ರಲ್ಲಿ ಚೀನಾದ ತಂಡವೊಂದು 1002 ಕಿಲೋಮೀಟರ್ ಫೈಬರಿನ ಎರಡು ತುದಿಗಳ ನಡುವೆ ಕ್ವಾಂಟಂ ಕೀಲಿ ಹಂಚಿತು. 2025ರಲ್ಲಿ ತೋಶಿಬಾ ಕಂಪನಿಯ ಯುರೋಪಿನ ಸಂಶೋಧಕರು ಜರ್ಮನಿಯ ಫ್ರಾಂಕ್‌ಫರ್ಟ್ ಮತ್ತು ಕೇಲ್ ಊರುಗಳ ನಡುವೆ, ವಾಣಿಜ್ಯ ದೂರಸಂಪರ್ಕ ಜಾಲದ 254 ಕಿಲೋಮೀಟರಿನಲ್ಲಿ ಅದೇ ಬಗೆಯ ಹಂಚಿಕೆಯನ್ನು ಮಾಡಿ ತೋರಿಸಿದರು. ಇವು ಸಣ್ಣ ಸಾಧನೆಗಳಲ್ಲ. ಆದರೂ ಫೋನ್ ಕರೆ, ವಿಡಿಯೊ, ಬ್ಯಾಂಕ್ ವ್ಯವಹಾರ ಎಲ್ಲವನ್ನೂ ಹಗಲಿರುಳು ಹೊತ್ತು ನಡೆಸುತ್ತಿರುವ ಜಾಲದೊಳಕ್ಕೆ ಕ್ವಾಂಟಂ ಮಾಹಿತಿಯನ್ನು ಇಳಿಸಬೇಕೆಂದರೆ ದೂರಕ್ಕಿಂತ ಹೆಚ್ಚು ಕಾಡುವುದು ನೆರೆಹೊರೆ. ಅದೇ ಗಾಜಿನ ಎಳೆಯಲ್ಲಿ ಪಕ್ಕದಲ್ಲೇ ಹರಿಯುವ ಮಾಮೂಲಿ ಬೆಳಕು ಒಂಟಿ ಫೋಟಾನುಗಳಿಗೆ ಏನು ಮಾಡುತ್ತದೆ, ಅದರಿಂದ ಪಾರಾಗುವ ದಾರಿಗಳಿಗೆ ತೆರಬೇಕಾದ ಬೆಲೆ ಏನು ಎಂಬುದು ಈ ಲೇಖನದ ವಿಷಯ.

ನಷ್ಟದ ಲೆಕ್ಕವನ್ನು ಮೊದಲು ಮುಗಿಸೋಣ. 1550 ನ್ಯಾನೊಮೀಟರ್ ತರಂಗದೂರದಲ್ಲಿ ಒಳ್ಳೆಯ ಫೈಬರಿನ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್. ಹದಿನೈದು ಕಿಲೋಮೀಟರಿಗೆ ಅರ್ಧ ಬೆಳಕು ಹೋಗುತ್ತದೆ. 100 ಕಿಲೋಮೀಟರ್ ದಾಟುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. 1000 ಕಿಲೋಮೀಟರಿನ ನೇರ ಸಾಗಣೆಯಲ್ಲಾದರೆ, ಸೆಕೆಂಡಿಗೆ ಸಾವಿರ ಕೋಟಿ ಫೋಟಾನ್ ಕಳಿಸಿದರೂ ಆಚೆ ತುದಿಗೆ ಒಂದು ಮುಟ್ಟಲು ಸುಮಾರು 300 ವರ್ಷ ಕಾಯಬೇಕು. ಚೀನಾದ ಪ್ರಯೋಗ ಈ ಗೋಡೆಯನ್ನು ದಾಟಿದ್ದು ಎರಡೂ ತುದಿಯಿಂದ ಬೆಳಕು ಕಳಿಸಿ ನಡುವಿನಲ್ಲಿ ಸಂಧಿಸುವಂತೆ ಮಾಡಿದ್ದರಿಂದ. ಹಾಗೆ ಮಾಡಿದರೂ ಆ ದೂರದಲ್ಲಿ ಸಿಕ್ಕ ದರ ಸೆಕೆಂಡಿಗೆ 0.0034 ಬಿಟ್, ಅಂದರೆ ಐದು ನಿಮಿಷಕ್ಕೊಂದು ಬಿಟ್.

ಮಾಮೂಲಿ ಸಂವಹನಕ್ಕೆ ಈ ನಷ್ಟ ದೊಡ್ಡ ತಲೆನೋವಲ್ಲ. 1987ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡ, ಅದೇ ಹೊತ್ತಿಗೆ ಬೆಲ್ ಲ್ಯಾಬ್ಸ್‌ನ ಎಮ್ಯಾನುಯೆಲ್ ಡೆಸುರ್ವಿರ್ ಮತ್ತು ಸಂಗಡಿಗರು ಎರ್ಬಿಯಂ ಬೆರೆಸಿದ ಫೈಬರಿನಲ್ಲಿ ಬೆಳಕನ್ನು ನೇರವಾಗಿ ವರ್ಧಿಸಿ ತೋರಿಸಿದ ಮೇಲೆ ಸಾಗರದಡಿಯ ಕೇಬಲ್‌ಗಳ ಅರ್ಥಶಾಸ್ತ್ರವೇ ಬದಲಾಯಿತು. ಒಂಟಿ ಫೋಟಾನಿಗೆ ಈ ಭಾಗ್ಯ ಇಲ್ಲ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯ ನಿಖರ ನಕಲು ಮಾಡುವುದು ಸಾಧ್ಯವೇ ಇಲ್ಲವೆಂದು 1982ರಲ್ಲಿ ವೂಟರ್ಸ್ ಮತ್ತು ಝೂರೆಕ್, ಬೇರೆಯಾಗಿ ಡೀಕ್ಸ್ ಸಾಧಿಸಿದ್ದಾರೆ. ವರ್ಧಕವೆಂದರೆ ಕೊನೆಗೂ ನಕಲು ಯಂತ್ರವೇ. ಅದು ತನ್ನದೇ ಫೋಟಾನುಗಳನ್ನು ಬೆರೆಸಿಬಿಡುತ್ತದೆ. ಹೀಗಾಗಿ ಕ್ವಾಂಟಂ ಸಂಕೇತ ಹೋಗುವ ದಾರಿಯಲ್ಲಿ ವರ್ಧಕ ಸಿಕ್ಕರೆ ಅದರೊಳಗೆ ಹಾಯಿಸದೆ ಸುತ್ತುಹಾದಿಯಲ್ಲಿ ದಾಟಿಸಬೇಕು.

ಆದರೆ ನಷ್ಟಕ್ಕೂ ಗದ್ದಲಕ್ಕೂ ಮೂಲಭೂತ ವ್ಯತ್ಯಾಸವೊಂದಿದೆ. ಅದನ್ನು ಗಮನಿಸದೆ ಹೋದರೆ ಮುಂದಿನ ಚರ್ಚೆ ಎತ್ತ ಸಾಗುತ್ತಿದೆಯೆಂದು ತಿಳಿಯುವುದಿಲ್ಲ. ಕಳೆದುಹೋದ ಫೋಟಾನ್ ಸುಳ್ಳು ಹೇಳುವುದಿಲ್ಲ. ಡಿಟೆಕ್ಟರ್ ಕ್ಲಿಕ್ ಎನ್ನಲಿಲ್ಲ, ಆ ಸರದಿಯನ್ನು ಎರಡೂ ಕಡೆಯವರು ಲೆಕ್ಕದಿಂದ ಬಿಟ್ಟರು, ಅಷ್ಟೆ. ಬಂದು ಮುಟ್ಟಿದ್ದು ಮಾತ್ರ ಸಾಚಾ. ಗದ್ದಲದ ಫೋಟಾನ್ ಹಾಗಲ್ಲ. ಅದು ಸಂಕೇತದ ವೇಷದಲ್ಲೇ ಬಂದು ಕ್ಲಿಕ್ ಅನ್ನಿಸುತ್ತದೆ. ಬೆನೆಟ್ ಮತ್ತು ಬ್ರಸಾರ್ ರೂಪಿಸಿದ ಬಿಬಿ84 ಎಂಬ ಕೀಲಿ ಹಂಚಿಕೆಯ ಕ್ರಮವನ್ನೇ ನೋಡಿ. (1984ರ ಡಿಸೆಂಬರಿನಲ್ಲಿ ಅದು ಮಂಡನೆಯಾದದ್ದು ಬೆಂಗಳೂರಿನ ಸಮ್ಮೇಳನದಲ್ಲಿ ಎಂಬುದನ್ನು ನಮ್ಮವರೇ ಹೆಚ್ಚಾಗಿ ನೆನೆಯುವುದಿಲ್ಲ.) ನಷ್ಟ ಹೆಚ್ಚಾದಂತೆ ಅದರ ವೇಗ ಇಳಿಯುತ್ತದೆ, ಕೀಲಿ ಹುಟ್ಟುವುದು ನಿಲ್ಲುವುದಿಲ್ಲ. ತಪ್ಪಿನ ಪ್ರಮಾಣ ಸುಮಾರು ಶೇ. 11 ದಾಟಿತೋ, ಅದರ ಮೂಲ ಲೆಕ್ಕಾಚಾರದಂತೆ ಒಂದೇ ಒಂದು ಸುರಕ್ಷಿತ ಬಿಟ್ ಕೂಡ ಉಳಿಯುವುದಿಲ್ಲ. ನಷ್ಟವನ್ನು ಕಾದು ಗೆಲ್ಲಬಹುದು. ಗದ್ದಲದೆದುರು ಕಾಯುವುದರಿಂದ ಉಪಯೋಗವಿಲ್ಲ.

ಈ ಗದ್ದಲ ಬರುವುದೆಲ್ಲಿಂದ? ಒಂದು ಮಿಲಿವ್ಯಾಟ್ ಎಂಬುದು ದೂರಸಂಪರ್ಕದಲ್ಲಿ ತೀರಾ ಸಾಧಾರಣ ಶಕ್ತಿ. 1550 ನ್ಯಾನೊಮೀಟರಿನಲ್ಲಿ ಅಷ್ಟು ಶಕ್ತಿಯೆಂದರೆ ಸೆಕೆಂಡಿಗೆ ಸುಮಾರು 78 ಕೋಟಿ ಕೋಟಿ ಫೋಟಾನ್. ಪಕ್ಕದ ಕ್ವಾಂಟಂ ವಾಹಿನಿಯಲ್ಲಿ ಆಚೆ ತುದಿ ಮುಟ್ಟುವುದು ಸೆಕೆಂಡಿಗೆ ಕೆಲವು ಸಾವಿರ, ಹೆಚ್ಚೆಂದರೆ ಕೆಲವು ಲಕ್ಷ. ಬೇರೆ ಬೇರೆ ಬಣ್ಣದ ಬೆಳಕಾದ್ದರಿಂದ ಸೋಸುಕದಿಂದ ಬೇರ್ಪಡಿಸಿದರಾಯಿತು ಎಂದು ತೋರಬಹುದು. ಲೇಸರಿನ ಮೂಲ ಬಣ್ಣವನ್ನು ಹಾಗೆ ತಡೆಯಲೂಬಹುದು. ತಡೆಯಲಾಗದ್ದು ದಾರಿಯಲ್ಲೇ ಬಣ್ಣ ಬದಲಿಸಿ, ಕ್ವಾಂಟಂ ಸಂಕೇತದ ಬಣ್ಣವನ್ನೇ ತೊಟ್ಟು ಬರುವ ಫೋಟಾನನ್ನು. ಇದು ರಾಮನ್ ಚೆದರಿಕೆ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮುಖ್ಯವಾಗಿ ದ್ರವಗಳಲ್ಲಿ ಕಂಡ ಪರಿಣಾಮವೇ ಗಾಜಿನ ಎಳೆಯಲ್ಲೂ ನಡೆಯುತ್ತದೆ. ಗಾಜಿನ ಅಣುಜಾಲದ ಕಂಪನಕ್ಕೆ ಫೋಟಾನ್ ಒಂದಿಷ್ಟು ಶಕ್ತಿ ಕೊಟ್ಟು ಕೆಂಪಿನತ್ತ ಜಾರುತ್ತದೆ, ಇಲ್ಲವೇ ಕಂಪನದಿಂದ ಶಕ್ತಿ ಪಡೆದು ನೀಲಿಯತ್ತ ಏರುತ್ತದೆ. ಅವರು 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಇವತ್ತು ಕ್ವಾಂಟಂ ಕೀಲಿ ಹಂಚಿಕೆಯ ಪ್ರಯೋಗಾಲಯವಿದೆ. ಫೈಬರಿನ ಕ್ವಾಂಟಂ ಸಂವಹನದಲ್ಲಿ ದಾಟಬೇಕಾದ ತೊಡಕುಗಳಲ್ಲಿ ಸಂಸ್ಥಾಪಕರ ಹೆಸರಿನ ಪರಿಣಾಮವೂ ಒಂದು.

ರಾಮನ್ ಚೆದರಿಕೆ ಬಲು ದುರ್ಬಲ. ಕಿಲೋಮೀಟರ್ ಉದ್ದಕ್ಕೆ, ನ್ಯಾನೊಮೀಟರ್ ಅಗಲದ ಕಿಂಡಿಯೊಳಕ್ಕೆ ಬೀಳುವುದು ಶತಕೋಟಿಯಲ್ಲಿ ಒಂದೆರಡು ಪಾಲಿನ ಆಸುಪಾಸು. ಆದರೆ ಮೂಲದಲ್ಲೇ ಕೋಟಿ ಕೋಟಿ ಇರುವಾಗ ಇಪ್ಪತ್ತು ಕಿಲೋಮೀಟರಿನಲ್ಲಿ ಅದು ಸೆಕೆಂಡಿಗೆ ಕೋಟಿಗಟ್ಟಲೆ ಹುಸಿ ಫೋಟಾನುಗಳಾಗಿ ಕೂಡಿಬರುತ್ತದೆ. ಇನ್ನೊಂದು ಉಪದ್ರವವೆಂದರೆ ಚೆದರಿದ ಬೆಳಕು ಮುಂದಕ್ಕೂ ಹಿಂದಕ್ಕೂ ಹರಿಯುವುದು. ಎದುರು ದಿಕ್ಕಿನಲ್ಲಿ ಸಾಗುವ ದತ್ತಾಂಶದಿಂದಲೂ ಕ್ವಾಂಟಂ ಡಿಟೆಕ್ಟರಿಗೆ ಕಾಟ ತಪ್ಪಿದ್ದಲ್ಲ.

ಈ ಗದ್ದಲಕ್ಕೊಂದು ಆಕಾರವಿದೆ, ಪಾರಾಗುವ ದಾರಿ ಅಲ್ಲೇ ಇದೆ. ಸಿಲಿಕಾ ಗಾಜಿನಲ್ಲಿ ಚೆದರಿಕೆ ಉತ್ತುಂಗ ಮುಟ್ಟುವುದು ಮೂಲ ಬೆಳಕಿನಿಂದ ಸುಮಾರು 13 ಟೆರಾಹರ್ಟ್ಸ್ ಅಂತರದಲ್ಲಿ. ಅಲ್ಲಿಂದಾಚೆ ಅದು ಬೇಗ ಬೀಳುತ್ತದೆ. ನೀಲಿಯ ಕಡೆಗೆ ಏರಬೇಕಾದರೆ ಕಂಪನ ಮೊದಲೇ ಗಾಜಿನಲ್ಲಿರಬೇಕು, ಅದನ್ನು ಒದಗಿಸುವುದು ಗಾಜಿನ ಉಷ್ಣತೆ. ಸಾಮಾನ್ಯ ಉಷ್ಣತೆಯಲ್ಲಿ 13 ಟೆರಾಹರ್ಟ್ಸ್ ಕಂಪನ ಸಾಕಷ್ಟು ಸಿಗುತ್ತದೆ. 38 ಟೆರಾಹರ್ಟ್ಸ್‌ನದು ಸಾವಿರದಲ್ಲಿ ಒಂದೆರಡರಷ್ಟು ಮಾತ್ರ. ಆದ್ದರಿಂದ ದತ್ತಾಂಶ 1550ರ ಸುತ್ತ ಇದ್ದರೆ ಕ್ವಾಂಟಂ ಸಂಕೇತವನ್ನು ನೀಲಿಯ ಕಡೆಗೆ, ಆದಷ್ಟು ದೂರ ಒಯ್ದು, 1300 ನ್ಯಾನೊಮೀಟರಿನ ಆಸುಪಾಸಿನಲ್ಲಿಡುವುದು ಜಾಣತನ. ಇದು ಹೊಸ ಹೊಳಹೇನಲ್ಲ. ಒಂದೇ ಫೈಬರಿನಲ್ಲಿ ದತ್ತಾಂಶದ ಜೊತೆಗೆ ಕ್ವಾಂಟಂ ಕೀಲಿಯನ್ನು ಮೊದಲು ಕಳಿಸಿದ ಬ್ರಿಟಿಷ್ ಟೆಲಿಕಾಮ್‌ನ ಪಾಲ್ ಟೌನ್‌ಸೆಂಡ್ 1997ರಲ್ಲೇ 1300 ಮತ್ತು 1550ರ ಜೋಡಿಯನ್ನು ಬಳಸಿದ್ದರು.

ಕೀಲಿ ಹಂಚುವುದು ಒಂದು, ಸ್ಥಿತಿಯನ್ನೇ ಟೆಲಿಪೋರ್ಟ್ ಮಾಡುವುದು ಇನ್ನೊಂದು. 1993ರಲ್ಲಿ ಬೆನೆಟ್ ಮತ್ತು ಸಂಗಡಿಗರು ಮುಂದಿಟ್ಟ ಟೆಲಿಪೋರ್ಟೇಶನ್‌ನಲ್ಲಿ ವಸ್ತು ಸಾಗುವುದಿಲ್ಲ. ಒಂದಕ್ಕೊಂದು ಹೆಣೆದುಕೊಂಡ ಫೋಟಾನ್ ಜೋಡಿಯಲ್ಲಿ ಒಂದನ್ನು ಇಟ್ಟುಕೊಂಡು, ಇನ್ನೊಂದನ್ನು ಕಳಿಸಬೇಕಾದ ಸ್ಥಿತಿಯ ಫೋಟಾನ್ ಜೊತೆಗೆ ಸೇರಿಸಿ ಅಳೆದಾಗ, ಆ ಸ್ಥಿತಿ ಉಳಿಸಿಕೊಂಡ ಫೋಟಾನಿನಲ್ಲಿ ಮೂಡುತ್ತದೆ. ಅಳತೆಯ ಫಲವನ್ನು ಮಾಮೂಲಿ ವಾಹಿನಿಯಲ್ಲಿ ತಿಳಿಸಲೇಬೇಕು. ಆದ್ದರಿಂದಲೇ ಬೆಳಕಿನ ವೇಗವನ್ನು ಇದು ಮೀರುವುದಿಲ್ಲ. ಪ್ರತಿ ಸಲ ಎರಡು ಫೋಟಾನುಗಳು ಒಟ್ಟಿಗೆ ಬಂದು ಮುಟ್ಟಬೇಕಾದ್ದರಿಂದ ಸಾಚಾ ಘಟನೆಗಳು ಇನ್ನೂ ವಿರಳವಾಗಿ, ಗದ್ದಲದ ಹೊಡೆತ ಹೆಚ್ಚು ತೀವ್ರವಾಗುತ್ತದೆ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪ್ರೇಮ್ ಕುಮಾರ್ ಅವರ ತಂಡ 2024ರ ಡಿಸೆಂಬರಿನಲ್ಲಿ ‘ಆಪ್ಟಿಕಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದ ತೂಕ ಇರುವುದು ಇಲ್ಲಿ. 30.2 ಕಿಲೋಮೀಟರ್ ಫೈಬರ್. ಅದರಲ್ಲಿ 1547 ನ್ಯಾನೊಮೀಟರಿನ ಬಳಿ ಸೆಕೆಂಡಿಗೆ 400 ಗಿಗಾಬಿಟ್ ದತ್ತಾಂಶ. ಅದೇ ಫೈಬರಿನಲ್ಲಿ 1290ರಲ್ಲಿ ಒಂಟಿ ಫೋಟಾನುಗಳು, ನಡುವೆ ಅಳತೆ. ಟೆಲಿಪೋರ್ಟ್ ಆದ ಸ್ಥಿತಿಯ ನಿಷ್ಠೆ (ಮೂಲ ಸ್ಥಿತಿಗೆ ಅದು ಎಷ್ಟು ಹೊಂದುತ್ತದೆ ಎಂಬ ಅಳತೆ), ಹೆಣಿಗೆಯ ನೆರವಿಲ್ಲದೆ ಅಳೆದು ತಿಳಿಸಿ ಸಾಧಿಸಬಹುದಾದ 2/3ರ ಮಿತಿಯನ್ನು ಸ್ಪಷ್ಟವಾಗಿ ಮೀರಿತು. ಇದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. 1300ರ ಆಸುಪಾಸಿನಲ್ಲಿ ನಷ್ಟ ಕಿಲೋಮೀಟರಿಗೆ 0.33 ಡೆಸಿಬೆಲ್‌ನಷ್ಟು. ಮೂವತ್ತು ಕಿಲೋಮೀಟರಿಗೆ 1550ರಲ್ಲಿ ಕಾಲುಭಾಗ ಬೆಳಕು ಉಳಿಯುತ್ತಿದ್ದಲ್ಲಿ ಇಲ್ಲಿ ಉಳಿಯುವುದು ಹತ್ತರಲ್ಲಿ ಒಂದು. ಗದ್ದಲ ತಪ್ಪಿಸಿಕೊಳ್ಳಲು ತಿಳಿದೂ ತಿಳಿದೂ ನಷ್ಟವನ್ನು ಮೈಮೇಲೆ ಎಳೆದುಕೊಂಡ ಆಯ್ಕೆ ಇದು. ನನ್ನ ದೃಷ್ಟಿಯಲ್ಲಿ ಆ ಪ್ರಬಂಧದಿಂದ ಕಲಿಯಬೇಕಾದ್ದು ‘ಇಂಟರ್ನೆಟ್ ಕೇಬಲ್ಲಿನಲ್ಲಿ ಟೆಲಿಪೋರ್ಟೇಶನ್’ ಎಂಬ ಪತ್ರಿಕಾ ತಲೆಬರಹಕ್ಕಿಂತ ಹೆಚ್ಚಾಗಿ ಈ ಲೆಕ್ಕಾಚಾರವನ್ನು.

ಬಣ್ಣ ಬದಲಿಸಿದರೂ ಅಳಿದುಳಿದ ಗದ್ದಲ ಬಂದೇ ಬರುತ್ತದೆ. ಅದಕ್ಕೆ ಎರಡು ಜರಡಿ: ಬಣ್ಣದ್ದೊಂದು, ಕಾಲದ್ದೊಂದು. ಗದ್ದಲದ ಫೋಟಾನುಗಳಿಗೆ ಹೊತ್ತುಗೊತ್ತಿಲ್ಲ, ಸಂಕೇತದವು ನಿಗದಿತ ಗಳಿಗೆಗೇ ಬರುತ್ತವೆ. ಎರಡು ನ್ಯಾನೊಸೆಕೆಂಡಿಗೊಮ್ಮೆ ಸಂಕೇತ ಬರುವ ವ್ಯವಸ್ಥೆಯಲ್ಲಿ 200 ಪಿಕೊಸೆಕೆಂಡಿನೊಳಗೆ ಬಿದ್ದ ಕ್ಲಿಕ್ಕುಗಳನ್ನಷ್ಟೇ ಎಣಿಸಿದರೆ ಹತ್ತರಲ್ಲಿ ಒಂಬತ್ತು ಪಾಲು ಗದ್ದಲ ಹೊರಗುಳಿಯುತ್ತದೆ. ಎರಡೂ ಜರಡಿಗಳನ್ನು ಬೇಕಾದಷ್ಟು ಬಿಗಿ ಮಾಡಲು ಮಾತ್ರ ಬರುವುದಿಲ್ಲ. ಬಣ್ಣದ ಕಿಂಡಿಯನ್ನು ಕಿರಿದು ಮಾಡಿದಷ್ಟೂ ಬೆಳಕಿನ ಮಿಡಿತ ಕಾಲದಲ್ಲಿ ಹಿಗ್ಗುತ್ತದೆ, ಆಗ ಕಾಲದ ಕಿಂಡಿಯನ್ನು ಅಗಲಿಸಲೇಬೇಕಾಗುತ್ತದೆ.

ನಾರ್ತ್‌ವೆಸ್ಟರ್ನ್ ತಂಡದ ಆ ಪ್ರಯೋಗ ನಡೆದದ್ದು ಪ್ರಯೋಗಾಲಯದೊಳಗೆ. ನೆಲದಡಿಯ ಕೇಬಲ್ಲಿಗೆ ಒಯ್ಯುವುದು ಮುಂದಿನ ಹೆಜ್ಜೆ ಎಂದು ತಂಡವೇ ಹೇಳಿದೆ, ಆ ಹೆಜ್ಜೆ ಚಿಕ್ಕದಲ್ಲ. ಎರಡು ಕಡೆಯಿಂದ ಬಂದ ಫೋಟಾನುಗಳು ಬೇರೆಬೇರೆ ಎಂದು ಗುರುತಿಸಲಾಗದಂತೆ ಒಂದೇ ಕ್ಷಣಕ್ಕೆ ಕೂಡಬೇಕು. ಫೈಬರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಬೆಳಕಿನ ಪಯಣಕ್ಕೆ ಕಿಲೋಮೀಟರಿಗೆ 40 ಪಿಕೊಸೆಕೆಂಡಿನಷ್ಟು ತಡ. ಹದಿನೈದು ಕಿಲೋಮೀಟರಿಗೆ ಅದು 600 ಪಿಕೊಸೆಕೆಂಡು, ಮೇಲೆ ಹೇಳಿದ ಕಿಂಡಿಯ ಮೂರು ಪಟ್ಟು. ಬಿಸಿಲೇರಿದಂತೆ, ಲಾರಿಗಳು ಮೇಲೆ ಓಡಾಡಿದಂತೆ ಧ್ರುವೀಕರಣವೂ ತಿರುಗುತ್ತಿರುತ್ತದೆ. ಇದನ್ನು ಸರಿಪಡಿಸಲು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2025ರಲ್ಲಿ ತೋರಿಸಿದ ಉಪಾಯ ಸೊಗಸಾಗಿದೆ: ಕ್ವಾಂಟಂ ಸಂಕೇತದ ಮುಂದೆ ಮಾಮೂಲಿ ಬೆಳಕಿನ ಶಿರೋಲೇಖವನ್ನು ಕಳಿಸುವುದು. ಕ್ವಾಂಟಂ ಭಾಗವನ್ನು ಮುಟ್ಟುವ ಹಾಗಿಲ್ಲ, ಅಳೆದರೆ ಕೆಡುತ್ತದೆ, ಶಿರೋಲೇಖವನ್ನು ಅಳೆಯಬಹುದು. ಅದಕ್ಕೆ ಒದಗಿದ ತಿರುವೇ ಹಿಂಬಾಲಿಸಿದ ಕ್ವಾಂಟಂ ಭಾಗಕ್ಕೂ ಒದಗಿರುತ್ತದೆ ಎಂದು ಊಹಿಸಿ ತಿದ್ದುವುದು. ವೆರಿಝಾನ್ ಕಂಪನಿಯ ಫೈಬರಿನಲ್ಲಿ, ಇಂಟರ್ನೆಟ್ ಪ್ರೊಟೊಕಾಲಿನ ವಿಳಾಸ ಪದ್ಧತಿಯಲ್ಲೇ ಅದು ನಡೆಯಿತು. ದೂರ ಮಾತ್ರ ಸುಮಾರು ಒಂದು ಕಿಲೋಮೀಟರ್.

ಇನ್ನೂ ದೂರ ಹೋಗಲು ಕ್ವಾಂಟಂ ರಿಪೀಟರ್ ಬೇಕು. 1998ರಲ್ಲಿ ಬ್ರೀಗೆಲ್, ಡ್ಯೂರ್, ಸಿರಾಕ್, ಝೋಲರ್ ಅದರ ಸಿದ್ಧಾಂತ ಕೊಟ್ಟರು. ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಹೆಣಿಗೆ ಮೂಡಿಸಿ, ಕ್ವಾಂಟಂ ಸ್ಮೃತಿಯಲ್ಲಿ ಹಿಡಿದಿಟ್ಟುಕೊಂಡು ಕೊನೆಗೆ ಜೋಡಿಸುವ ಕ್ರಮ ಅದು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಹೇಗ್ ನಡುವೆ 25 ಕಿಲೋಮೀಟರ್ ಫೈಬರಿನಲ್ಲಿ ವಜ್ರದ ಎರಡು ಸ್ಮೃತಿಗಳನ್ನು ಹೆಣೆದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ವಜ್ರ ಹೊಮ್ಮಿಸುವುದು 637 ನ್ಯಾನೊಮೀಟರಿನ ಕೆಂಪು ಬೆಳಕು. ಅದು ಫೈಬರಿನಲ್ಲಿ ಬೇಗ ಸಾಯುವುದರಿಂದ 1588ಕ್ಕೆ ಪರಿವರ್ತಿಸಿ ಕಳಿಸಿದರು. ನಷ್ಟದ ದೃಷ್ಟಿಯಿಂದ ಸರಿಯಾದ ಆಯ್ಕೆ. ಆದರೆ 1550ರ ದತ್ತಾಂಶ ಪಕ್ಕದಲ್ಲಿ ಓಡುತ್ತಿದ್ದರೆ 1588 ಅದರ ಕೆಂಪಿನ ಕಡೆಗೇ, ಚೆದರಿಕೆ ದಟ್ಟವಾಗಿರುವ ಪಟ್ಟೆಯಲ್ಲೇ ಬರುತ್ತದೆ. ಸ್ಮೃತಿಯ ಜಾಲ ಕಟ್ಟುವವರೂ ಸಹಬಾಳ್ವೆಯ ಜಾಲ ಕಟ್ಟುವವರೂ ಹೀಗೆ ವಿರುದ್ಧ ದಿಕ್ಕಿಗೆ ಹೋಗುತ್ತಿದ್ದಾರೆ. ಇವರಿಬ್ಬರ ಜಾಲ ಒಂದೇ ಕೇಬಲ್ಲಿನಲ್ಲಿ ಸಂಧಿಸಬೇಕಾದಾಗ ಯಾರು ಜಾಗ ಬಿಡಬೇಕು ಎಂಬುದನ್ನು ಈಗಲೇ ಚರ್ಚಿಸುವುದು ಒಳ್ಳೆಯದು. ಬೆಳಕು ಗಾಳಿಯಲ್ಲಿ ಸಾಗುವ ಟೊಳ್ಳು ಎದೆಯ ಫೈಬರ್ ಬಂದರೆ ರಾಮನ್ ಗದ್ದಲ ಬಹುಮಟ್ಟಿಗೆ ಇಳಿಯುತ್ತದೆ, ನಿಜ. ಆದರೆ ನಾವು ಮಾತಾಡುತ್ತಿರುವುದು ಈಗಾಗಲೇ ಹೂತಿಟ್ಟ ಗಾಜಿನ ಬಗ್ಗೆ.

ರಿಪೀಟರ್ ಕೈಗೆ ಬರುವ ತನಕ ‘ನಂಬಿಗಸ್ತ ಗಂಟು’ಗಳೇ ಗತಿ. 2017ರಲ್ಲಿ ಆರಂಭವಾದ ಬೀಜಿಂಗ್–ಶಾಂಘೈ ಮಾರ್ಗದ 2000 ಕಿಲೋಮೀಟರಿನಲ್ಲಿ ಅಂಥವು 32. ಪ್ರತಿ ಗಂಟಿನಲ್ಲೂ ಕೀಲಿ ಮಾಮೂಲಿ ಬಿಟ್ಟುಗಳಾಗಿ ಬಿಚ್ಚಿಕೊಳ್ಳುತ್ತದೆ, ಆ ಕೋಣೆಗೆ ಕಾವಲು ಬೇಕು. ಕೀಲಿ ಹಂಚಲು ಇದು ಸಾಕು. ಕ್ವಾಂಟಂ ಸ್ಥಿತಿಯನ್ನು ಸಾಗಿಸಲು ಸಾಲದು. ಭಾರತದಲ್ಲಿ 2022ರ ಫೆಬ್ರುವರಿಯಲ್ಲಿ ಡಿಆರ್‌ಡಿಒ ಮತ್ತು ಐಐಟಿ ದೆಹಲಿ ಪ್ರಯಾಗರಾಜ್–ವಿಂಧ್ಯಾಚಲ ನಡುವೆ 100 ಕಿಲೋಮೀಟರಿಗೂ ಹೆಚ್ಚು ದೂರ, ವಾಣಿಜ್ಯ ದರ್ಜೆಯ ಫೈಬರಿನಲ್ಲಿ ಕೀಲಿ ಹಂಚಿವೆ. 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಪಡೆದ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನ ಗುರಿಗಳಲ್ಲಿ 2000 ಕಿಲೋಮೀಟರ್ ಅಂತರನಗರ ಕೀಲಿ ಹಂಚಿಕೆಯೂ ಸೇರಿದೆ. ಈ ಅಂಕಿಯೂ ದೂರದ್ದೇ. ಅದನ್ನು ಕ್ವಾಂಟಂ ಸಂಕೇತಕ್ಕೆಂದೇ ಮೀಸಲಿಟ್ಟ ಖಾಲಿ ಫೈಬರಿನಲ್ಲಿ ಮುಟ್ಟಬಹುದು, ದತ್ತಾಂಶ ತುಂಬಿದ ಫೈಬರಿನಲ್ಲೂ ಮುಟ್ಟಬಹುದು. ಎರಡರ ಖರ್ಚೂ ಅರ್ಥವೂ ಬೇರೆ. ಆದ್ದರಿಂದ ನಮ್ಮ ಪ್ರಯೋಗಗಳ ವರದಿಗಳು ದೂರ ಮತ್ತು ದರದ ಪಕ್ಕದಲ್ಲಿ ಇನ್ನು ಮೂರು ವಿವರ ಕೊಡುವುದನ್ನು ರೂಢಿ ಮಾಡಿಕೊಳ್ಳಬೇಕು: ಅದೇ ಎಳೆಯಲ್ಲಿ ಹರಿಯುತ್ತಿದ್ದ ಮಾಮೂಲಿ ಬೆಳಕಿನ ಶಕ್ತಿ ಎಷ್ಟು, ಅದರ ತರಂಗದೂರ ಯಾವುದು, ಅದು ಕ್ವಾಂಟಂ ಸಂಕೇತದ ಜೊತೆಯಲ್ಲಿ ಹರಿಯುತ್ತಿತ್ತೋ ಎದುರಿನಿಂದ ಬರುತ್ತಿತ್ತೋ.